ಕುಮಾರ ಪರ್ವತಕ್ಕೆ 12 ವಾರ ಇದೆ. ಕಾಲು ಹೇಗೆ ತಯಾರು ಮಾಡೋದು, ಕಸ ಆಗದ ಹಾಗೆ ಹೋಗಿ ಬರೋದು ಹೇಗೆ?

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ವಯಸ್ಸು 46, ದಿನವಿಡೀ ಕೂತು ಮಾಡುವ ಕೆಲಸ. ಕೆ.ಆರ್. ನಗರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಜೊತೆಗೆ ಓದಿದ ನಾವು 14 ಜನ ಈ ಡಿಸೆಂಬರ್‌ನಲ್ಲಿ ಕುಮಾರ ಪರ್ವತ ಹತ್ತಬೇಕು ಅಂತ ತೀರ್ಮಾನ ಮಾಡಿದ್ದೇವೆ. ಇದು ಬರೀ ಸುತ್ತಾಟಕ್ಕಲ್ಲ. ಆ ಶಾಲೆಯಲ್ಲಿ ಬೇಸಿಗೆ ಬಂತೆಂದರೆ ಬೋರ್‌ವೆಲ್ ಕೈಕೊಡುತ್ತದೆ, ಬಿಸಿಯೂಟದ ತಟ್ಟೆ ತೊಳೆಯೋಕೂ ನೀರು ಸಾಲದು, ಮಕ್ಕಳು ಮನೆಯಿಂದ ಬಾಟಲಿಯಲ್ಲಿ ತರುತ್ತಾರೆ. ಅಲ್ಲಿ ಮಳೆನೀರು ಹಿಡಿದಿಡುವ ಒಂದು ತೊಟ್ಟಿ ಕಟ್ಟಿಸಬೇಕು. ಅದಕ್ಕೆ ಪ್ರತಿಯೊಬ್ಬರೂ ತಮಗೆ ಗೊತ್ತಿರುವವರ ಹತ್ತಿರ ‘ನಾನು ನಡೆಯುವ ಒಂದೊಂದು ಕಿಲೋಮೀಟರ್‌ಗೆ ಇಷ್ಟು ಕೊಡಿ’ ಅಂತ ಕೇಳಿ ಹಣ ಸೇರಿಸುತ್ತಿದ್ದೇವೆ.

ನಮ್ಮ ಲೆಕ್ಕ ಹೀಗಿದೆ: ಬೆಳಗಿನ ಜಾವ ಕುಕ್ಕೆಯಿಂದ ಹೊರಟು, ತುದಿ ಮುಟ್ಟಿ, ಅದೇ ದಿನ ಸಂಜೆ ಕುಕ್ಕೆಗೇ ಇಳಿಯುವುದು. ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ವರ್ಷಕ್ಕೆ ಒಂದೆರಡು ಸಲ ಹತ್ತಿದವಳು, ಆಷಾಢ ಶುಕ್ರವಾರ, ಅಷ್ಟೇ. ಹತ್ತೋಕೆ ಆಗುತ್ತದೆ. ಇಳಿದ ಮಾರನೇ ದಿನ ಮನೆಯ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕು. 12 ವಾರದಲ್ಲಿ ಚಾಮುಂಡಿ ಬೆಟ್ಟ ಒಂದನ್ನೇ ನಂಬಿಕೊಂಡು ತಯಾರಾಗಬಹುದಾ?

ಇನ್ನೊಂದು ವಿಷಯ ಮನಸ್ಸಿಗೆ ತುಂಬಾ ಕೊರೆಯುತ್ತಿದೆ. ನಮ್ಮಲ್ಲೇ ಒಬ್ಬರು ಫ್ಲೆಕ್ಸ್, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಎರಡು ಕೇಸ್ ನೀರಿನ ಬಾಟಲಿ, ಊಟಕ್ಕೆ ಥರ್ಮಾಕೋಲ್ ತಟ್ಟೆ, ಎಲ್ಲದಕ್ಕೂ ಹೇಳಿಟ್ಟಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಮಕ್ಕಳ ನೀರಿಗೆ ಅಂತ ಹಣ ಎತ್ತಿ, ಬೆಟ್ಟದ ಮೇಲೆ ಬಾಟಲಿ ಬಿಟ್ಟು ಬರುವುದು ಸರೀನಾ? ನಾನು ಮನೆಯಲ್ಲೂ ಈ ವರ್ಷ ಸ್ವಲ್ಪ ಸ್ವಲ್ಪ ಬದಲಾಯಿಸಿಕೊಳ್ಳುತ್ತಿದ್ದೇನೆ. ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಅಭ್ಯಾಸ ಆಗಿದೆ. ಬಕೆಟ್‌ನಲ್ಲಿ ಗೊಬ್ಬರ ಮಾಡೋಕೆ ಹೋಗಿ ವಾಸನೆ ಬಂದು ಬಿಟ್ಟುಬಿಟ್ಟೆ. ನಮ್ಮ ಯಜಮಾನರು ‘ಮೊದಲು ಕಾಲು ನೋಡ್ಕೋ, ಆಮೇಲೆ ಕಸ’ ಅನ್ನುತ್ತಾರೆ. ನನಗೆ ಇವೆರಡೂ ಒಂದೇ ಕೆಲಸ ಅನಿಸುತ್ತಿದೆ, ಆದರೆ ಹೇಗೆ ಅಂತ ಅವರಿಗೆ ಹೇಳೋಕೆ ಬರುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಸಾವಿರಮೆಟ್ಟಿಲು

ತಂಗಿ, ನನಗೆ 63. ಪಿಡಬ್ಲ್ಯುಡಿಯಲ್ಲಿ ಇದ್ದು ನಿವೃತ್ತಿ ಆದವನು. ಹದಿನೈದು ವರ್ಷದಿಂದ ವಾರಕ್ಕೆ ಮೂರು ಸಲ ಚಾಮುಂಡಿ ಹತ್ತುತ್ತೇನೆ. ಕುಮಾರ ಪರ್ವತ ಎರಡು ಸಲ ಆಗಿದೆ.

ಮೊದಲು ಎತ್ತರದ ಲೆಕ್ಕ ನೋಡಿ. ಚಾಮುಂಡಿ ಬೆಟ್ಟದ ತಲೆ ಸಮುದ್ರ ಮಟ್ಟದಿಂದ ಸುಮಾರು 1060 ಮೀಟರ್. ಆದರೆ ಮೈಸೂರು ಊರೇ 760ರ ಮೇಲಿದೆ. ಪಾದದಿಂದ ಒಂದು ಸಲ ಹತ್ತಿದರೆ ನಿಮ್ಮ ಕಾಲಿಗೆ ಸಿಗುವುದು 300 ಮೀಟರ್‌ಗಿಂತ ಕಡಿಮೆ. ಕುಮಾರ ಪರ್ವತ 1712 ಮೀಟರ್, ಕುಕ್ಕೆ ಇರುವುದು ಸುಮಾರು 120ರಲ್ಲಿ. ಅಂದರೆ ಕುಕ್ಕೆಯಿಂದ ಹತ್ತುವುದು ಐದಕ್ಕಿಂತ ಹೆಚ್ಚು ಚಾಮುಂಡಿ ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿದ ಹಾಗೆ, ಆಮೇಲೆ ಅಷ್ಟನ್ನೂ ಇಳಿಯಬೇಕು. ಹೋಗಿ ಬರುವ ದಾರಿ 26 ಕಿ.ಮೀ. ಹತ್ತಿರ ಆಗುತ್ತದೆ. ಹೆದರಿಸೋಕೆ ಹೇಳುತ್ತಿಲ್ಲ, ಈ ಲೆಕ್ಕ ಗೊತ್ತಿದ್ದರೆ ಅಭ್ಯಾಸ ಎಷ್ಟು ಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ನಿಮಗೆ ಮಾರನೇ ದಿನ ಕಾಲು ಹಿಡಿದುಕೊಳ್ಳುವುದು ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಇಳಿಜಾರಿನಲ್ಲಿ ಗಾಡಿಯ ಬ್ರೇಕ್ ಒತ್ತಿ ಹಿಡಿದ ಹಾಗೆ. ಅಭ್ಯಾಸ ಇಲ್ಲದ ಸ್ನಾಯುವಿಗೆ ಅದರಿಂದಲೇ ಒಂದೆರಡು ದಿನ ನೋವು. ಇದಕ್ಕೆ ಮದ್ದು ಪದೇ ಪದೇ ಇಳಿಯುವುದೇ. ಹಾಗಾಗಿ ಹತ್ತಿ ಬಸ್ಸಿನಲ್ಲಿ ವಾಪಸ್ ಬರಬೇಡಿ, ಮೈಸೂರಿನಲ್ಲಿ ತುಂಬಾ ಜನ ಮಾಡುವ ತಪ್ಪು ಇದು. ನಿಧಾನವಾಗಿ, ಮಂಡಿ ಸ್ವಲ್ಪ ಬಾಗಿಸಿಕೊಂಡು, ಚಿಕ್ಕ ಹೆಜ್ಜೆ ಇಟ್ಟು ಇಳಿಯಿರಿ. ಧಡಧಡ ಹಾರಿಕೊಂಡು ಇಳಿಯುವ ಹುಡುಗರನ್ನು ನೋಡಿ ನೀವೂ ಹಾಗೆ ಮಾಡಬೇಡಿ.

ಮೊದಲ ಮೂರು ವಾರ ವಾರಕ್ಕೆ ಒಂದು ಸಲ ಬೆಟ್ಟ, ಉಳಿದ ದಿನಗಳಲ್ಲಿ ನಾಲ್ಕು ದಿನ ಕುಕ್ಕರಹಳ್ಳಿ ಕೆರೆ ಏರಿಯೋ ನಿಮ್ಮ ಬೀದಿಯೋ, ಒಂದು ಗಂಟೆ ನಡಿಗೆ. ಪಕ್ಕದವರ ಜೊತೆ ಮಾತಾಡೋಕೆ ಆಗುವಷ್ಟು ವೇಗ ಸಾಕು. ಏದುಸಿರು ಬಂದು ಮಾತು ತುಂಡಾದರೆ ನಿಧಾನ ಮಾಡಿ. ಐದನೇ ವಾರದಿಂದ ಬೆಟ್ಟ ವಾರಕ್ಕೆ ಎರಡು ಸಲ. ಆರು, ಏಳನೇ ವಾರದ ಹೊತ್ತಿಗೆ ಭಾನುವಾರ ಒಂದೇ ಬೆಳಗ್ಗೆ ಎರಡು ಸಲ ಹತ್ತಿ ಇಳಿಯಿರಿ, ಒಂಬತ್ತು ಹತ್ತನೇ ವಾರಕ್ಕೆ ಮೂರು ಸಲ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ, ಮೈ ಕೂಡಿಕೊಳ್ಳೋಕೆ ಆ ಬಿಡುವು ಬೇಕೇ ಬೇಕು. ಕೊನೆಯ ಹತ್ತು ದಿನ ಲಘುವಾಗಿ ನಡೆಯಿರಿ, ಸಾಕು. ಆಗ ಗಾಬರಿಯಲ್ಲಿ ಜಾಸ್ತಿ ಮಾಡಿದರೆ ಬೆಟ್ಟದ ದಿನ ದಣಿದ ಕಾಲಲ್ಲೇ ಹೋಗಬೇಕಾಗುತ್ತದೆ.

ಮನೆಯಲ್ಲಿ ದಿನಾ ಹತ್ತು ನಿಮಿಷ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಕಡೆಯ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ ಮತ್ತೆ ಮೇಲೆ ತರುವುದು. ಕೊನೆಯದು ಮಂಡಿಗೆ ತುಂಬಾ ಒಳ್ಳೆಯದು.

ಬೆನ್ನಿನ ಚೀಲಕ್ಕೆ ಭಾರ ಹಾಕಿ ಅಭ್ಯಾಸ ಮಾಡಬೇಕು, ಅದಕ್ಕೆ ನೀರನ್ನೇ ಹೊತ್ತುಕೊಳ್ಳಿ. ಒಂದು ಲೀಟರ್ ಅಂದರೆ ಒಂದು ಕೆ.ಜಿ., ಲೆಕ್ಕ ಸುಲಭ. ಎರಡು ಲೀಟರ್‌ನಿಂದ ಶುರು ಮಾಡಿ ಐದಕ್ಕೆ ಹೋಗಿ. ಹತ್ತಿದ ಮೇಲೆ ಕುಡಿಯೋಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ದಾರಿ ಪಕ್ಕ ನೆಟ್ಟಿರುವ ಗಿಡಗಳಿಗೆ ಹಾಕಿ ಹಗುರವಾಗಿ ಇಳಿಯಿರಿ. ಮಂಡಿಯೂ ಉಳಿಯುತ್ತದೆ, ಗಿಡವೂ ಉಳಿಯುತ್ತದೆ. ನಾನು ಬೇಸಿಗೆಯಲ್ಲಿ ಹೀಗೇ ಮಾಡುವುದು. ಯಜಮಾನರಿಗೆ ಇದನ್ನು ತೋರಿಸಿ, ನೀವು ಹೇಳೋಕೆ ಹೊರಟಿದ್ದು ಅವರಿಗೆ ಅರ್ಥ ಆಗಬಹುದು.

ಶೂ ಈಗಲೇ ತೆಗೆದುಕೊಳ್ಳಿ, ಬೆಟ್ಟದ ಹಿಂದಿನ ವಾರ ಅಲ್ಲ. ಇಳಿಯುವಾಗ ಬೆರಳು ಮುಂದಕ್ಕೆ ತಳ್ಳುತ್ತದೆ, ಹಾಗಾಗಿ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ಸಂಜೆ ಹೊತ್ತು ಹೋಗಿ ಹಾಕಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ.

ಸುಳ್ಯದವ

ಅಕ್ಕಾ, ನಾನು ಈ ಬೆಟ್ಟದ ಬುಡದವನು. ಮೇಲಿನ ಸರ್ ಅಭ್ಯಾಸದ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನಿಮ್ಮ ದಾರಿಯ ಬಗ್ಗೆ ಮಾತ್ರ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಬೇಡಿ. ಮೊದಲ ಸಲ ದೊಡ್ಡ ಬೆಟ್ಟ ಹತ್ತುವ 14 ಜನ ಕುಕ್ಕೆಯಿಂದ ಹತ್ತಿ ಅದೇ ದಿನ ಕುಕ್ಕೆಗೆ ಇಳಿಯುವ ಪ್ಲಾನ್ ಬಿಟ್ಟುಬಿಡಿ.

ಮೊದಲು ಜನ ಎರಡು ದಿನ ಮಾಡಿ, ಮಧ್ಯೆ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮಾಡಿ, ಮೇಲೆ ಟೆಂಟ್ ಹಾಕಿ ಮಲಗುತ್ತಿದ್ದರು. ಈಗ ಮೇಲೆ ರಾತ್ರಿ ಉಳಿಯೋಕೆ ಬಿಡುವುದಿಲ್ಲ. ಕುಕ್ಕೆಯಿಂದ ಭಟ್ಟರ ಮನೆವರೆಗೆ ಕಾಡು, ಬೇರು ಕಲ್ಲುಗಳ ಏರು, ನೆರಳಾದರೂ ಇದೆ. ಅಲ್ಲಿಂದ ಮುಂದೆ ಕಲ್ಲು ಮಂಟಪ, ಶೇಷ ಪರ್ವತದ ಕಡೆ ಬೋಳು ಹುಲ್ಲುಗಾವಲು. ಡಿಸೆಂಬರ್ ಆದರೂ ಹತ್ತು ಗಂಟೆ ಮೇಲೆ ಬಿಸಿಲು ನೆತ್ತಿ ಸುಡುತ್ತದೆ, ನೆರಳು ಅಂತ ಇಲ್ಲ. ಶೇಷ ಪರ್ವತ ಮುಟ್ಟಿದವರು ಇದೇ ತುದಿ ಅಂದುಕೊಂಡು ಕೂರುತ್ತಾರೆ, ಅಲ್ಲಿಂದ ಇಳಿದು, ಶೋಲಾ ಕಾಡು (ಬೆಟ್ಟದ ಕಣಿವೆಯ ದಟ್ಟ ಕಾಡು) ದಾಟಿ, ಬಂಡೆ ಹತ್ತಿದ ಮೇಲೆ ಕುಮಾರ ಪರ್ವತ. ವಾಪಸ್ ಬರುವಾಗ ಕತ್ತಲಾದರೆ ಕಷ್ಟ. ಅದು ಪುಷ್ಪಗಿರಿ ವನ್ಯಧಾಮ, ಆನೆ ಇರುವ ಕಾಡು.

ಸೋಮವಾರಪೇಟೆ ಕಡೆಯಿಂದ, ಹೆಗ್ಗಡೆಮನೆ ಹತ್ತಿರದ ದಾರಿಯಲ್ಲಿ ಹೋಗಿ. ಅದು ಒಂದು ಕಡೆಗೆ ಸುಮಾರು 7 ಕಿ.ಮೀ., ಶುರುವಾಗುವುದೇ ಎತ್ತರದಿಂದ. ಸುಲಭ ಅಂತ ಅಲ್ಲ, ಕೊನೆಗೆ ಕಡಿದಾದ ಬಂಡೆ ಇದೆ. ಆದರೆ ಬೆಳಕಿರುವಾಗಲೇ ಮುಗಿಯುತ್ತದೆ. ನಿಮಗೆ ಹಣ ಕೊಡುವವರು ಕಿಲೋಮೀಟರ್ ಕಡಿಮೆ ಆಯಿತು ಅಂತ ಕಡಿಮೆ ಕೊಡುವುದಿಲ್ಲ. ಬೇಕಾದರೆ ಅಭ್ಯಾಸದ ಕಿಲೋಮೀಟರ್‌ಗಳನ್ನೂ ಲೆಕ್ಕಕ್ಕೆ ಸೇರಿಸಿ, 12 ವಾರ ನಡೆದದ್ದೂ ಶಾಲೆಗಾಗಿಯೇ ಅಲ್ವಾ?

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಇಲ್ಲಿ ಸಾವಿರಾರು ಜನ ನುಗ್ಗಿದ್ದು ನಿಮಗೆ ನೆನಪಿರಬಹುದು, ಫೋನ್‌ಗಳಲ್ಲಿ ಎಲ್ಲ ಕಡೆ ಓಡಾಡಿತು. ಸಾಲುಗಟ್ಟಿ ನಿಂತಿದ್ದರು. ಆಮೇಲೆಯೇ ಸರ್ಕಾರ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದದ್ದು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ದಲ್ಲಿ ಮೊದಲೇ ಟಿಕೆಟ್ ತೆಗೆಯಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಯಾವ ದಾರಿ ಯಾವಾಗ ತೆರೆದಿರುತ್ತದೆ ಅಂತ ಅಲ್ಲೇ ನೋಡಿ, ಮಳೆಗಾಲದಲ್ಲಿ ಮುಚ್ಚುತ್ತಾರೆ. 14 ಜನ ಒಟ್ಟಿಗೆ ಹೋಗುವ ಬದಲು ಏಳೇಳು ಜನ ಎರಡು ದಿನ ಹೋಗಿ. ಮೈಕು, ಘೋಷಣೆ, ಬ್ಯಾನರ್ ಕಾಡಿನೊಳಗೆ ಬೇಡ, ಫೋಟೊ ಕೆಳಗೆ ರಸ್ತೆಯಲ್ಲಿ ತೆಗೆಯಿರಿ. ಮಾರ್ಗಶಿರದ ಚಂಪಾಷಷ್ಠಿ ಹೊತ್ತಿಗೆ ಕುಕ್ಕೆಯಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ, ದರ್ಶನ ಮಾಡಿಕೊಂಡು ಹೋಗುವ ಆಸೆ ಇದ್ದರೆ ಆ ವಾರ ತಪ್ಪಿಸಿ.

ಬಾಟಲಿ ವಿಷಯ ನೀವು ಕೇಳಿದ್ದು ಓದಿ ನಿಜವಾಗಿ ಖುಷಿಯಾಯಿತು. ಕುಕ್ಕೆಯಲ್ಲಿ ಭಕ್ತರು ಮೀಯುವ ಕುಮಾರಧಾರಾ ಇದೇ ಬೆಟ್ಟಗಳ ನೀರು. ಅದು ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಮೇಲೆ ಯಾರೋ ಬಿಸಾಡಿದ ಚಿಪ್ಸ್ ಪ್ಯಾಕೆಟ್ ಜೂನ್‌ನಲ್ಲಿ ನಮ್ಮ ತೋಟದ ತೋಡಿಗೆ (ಸಣ್ಣ ಹಳ್ಳ) ಬಂದು ಸಿಕ್ಕಿಕೊಳ್ಳುತ್ತದೆ. ನಾನೇ ಪ್ರತಿ ವರ್ಷ ಎತ್ತುತ್ತೇನೆ, ಅಡಿಕೆ ಸೋಗೆಯ ಮಧ್ಯದಿಂದ. ನಿಮ್ಮ ಶಾಲೆಯ ಮಕ್ಕಳಿಗೆ ನೀರು ಬೇಕು, ನಮ್ಮ ಮಕ್ಕಳು ಕುಡಿಯುವ ನೀರು ಈ ಬೆಟ್ಟದಿಂದ ಬರುತ್ತದೆ.

ಒಬ್ಬೊಬ್ಬರು ಮೂರು ಲೀಟರ್ ಹೊರಬೇಕು. ದಾರಿಯಲ್ಲಿ ನೀರು ಸಿಗುತ್ತದೆ ಅಂತ ನಂಬಬೇಡಿ, ಡಿಸೆಂಬರ್ ಹೊತ್ತಿಗೆ ಮೇಲಿನ ಒರತೆಗಳು ಸಣ್ಣಗಾಗಿರುತ್ತವೆ. ಆ ವಾರ ಮಳೆ ಬಂದಿದ್ದರೆ ಇಂಬಳ (ಜಿಗಣೆ) ಇರುತ್ತದೆ, ಪ್ಯಾಂಟಿನ ಕೆಳಗನ್ನು ಕಾಲುಚೀಲದೊಳಗೆ ಸೇರಿಸಿ. ಹತ್ತಿಕೊಂಡರೆ ಉಗುರಿನಿಂದ ಮೆಲ್ಲಗೆ ಬಾಯಿಯ ಕಡೆಯಿಂದ ಜಾರಿಸಿ ತೆಗೆಯಿರಿ.

ಒಣಎಲೆ

ಫ್ಲೆಕ್ಸ್ ಮತ್ತು ಟೀ ಶರ್ಟ್ ಬಗ್ಗೆ ನನಗೆ ಹೇಳಲೇಬೇಕಾದದ್ದು ಇದೆ.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಸಹಾಯಾರ್ಥ ನಡಿಗೆಗೆ ಹೋಗಿದ್ದೆ. ಟೀ ಶರ್ಟ್, ಮೆಡಲ್, ಕ್ಯಾಪು, ಅದನ್ನೆಲ್ಲ ಹಾಕಿಕೊಡೋಕೆ ಒಂದು ಪ್ಲಾಸ್ಟಿಕ್ ಚೀಲ, ದಾರಿಯುದ್ದಕ್ಕೂ ಕಾಲು ಲೀಟರ್‌ನ ಬಾಟಲಿ. ಕೊನೆಗೆ ಖರ್ಚಿನ ಲೆಕ್ಕ ಕೇಳಿದೆ. ನಾವು ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಇವುಗಳಿಗೇ ಹೋಗಿತ್ತು. ಆ ದಿನ ನನಗೆ ಅಳು ಬಂದಿತ್ತು, ಯಾಕೆಂದರೆ ನಾನು ಹಣ ಕೇಳಿದ್ದು ನನ್ನ ಅಪ್ಪನ ಸ್ನೇಹಿತರ ಹತ್ತಿರ, ಪಿಂಚಣಿಯಲ್ಲಿ ಬದುಕುವವರ ಹತ್ತಿರ. ಹಾಗಾಗಿ ನಿಮ್ಮ ಗುಂಪಿಗೆ ಒಂದೇ ಮಾತು ಹೇಳಿ: ಬೆಟ್ಟ ಹತ್ತುವ ಖರ್ಚು ಹತ್ತುವವರ ಕೈಯಿಂದ, ಬಂದ ಹಣ ಪೂರ್ತಿ ತೊಟ್ಟಿಗೆ. ಹೀಗೆ ಹೇಳಿದರೆ ಕೊಡುವವರೂ ಧೈರ್ಯವಾಗಿ ಕೊಡುತ್ತಾರೆ.

ಫ್ಲೆಕ್ಸ್ ಅಂದರೆ ಪಿವಿಸಿ, ಅದಕ್ಕೆ ಮತ್ತೊಂದು ಜನ್ಮ ಇಲ್ಲ. ಹಳೆಯ ಬಿಳಿ ಪಂಚೆ ಅಥವಾ ಬೆಡ್‌ಶೀಟ್ ಮೇಲೆ ಶಾಲೆಯ ಮಕ್ಕಳ ಕೈಯಲ್ಲೇ ಬಣ್ಣದಲ್ಲಿ ಬರೆಸಿ. ಟೀ ಶರ್ಟ್ ಬದಲು ಎಲ್ಲರೂ ಮನೆಯಲ್ಲಿರುವ ಒಂದೇ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಥರ್ಮಾಕೋಲ್ ತಟ್ಟೆಗೆ ಹೇಳಿದ್ದನ್ನು ಇವತ್ತೇ ಬೇಡ ಅನ್ನಿ, ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿದೆ, 2022ರ ಜುಲೈ 1ರಿಂದ ದೇಶಕ್ಕೇ ಆಗಿದೆ. ಬುತ್ತಿ ಕಟ್ಟಿಕೊಳ್ಳಿ. ಬಾಳೆ ಎಲೆಯಲ್ಲಿ ಪುಳಿಯೋಗರೆ, ಚಪಾತಿಗೆ ಚಟ್ನಿಪುಡಿ, ಕಡಲೆಬೀಜದ ಉಂಡೆ, ಹುರಿಗಡಲೆ, ಬೆಲ್ಲ. ಅಂಗಡಿಯ ಪ್ಯಾಕೆಟ್ ಒಂದೂ ಬೇಕಾಗುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ ಕೊಳೆಯುತ್ತದೆ ತಾನೇ ಅಂತ ಕಾಡಿಗೆ ಎಸೆಯಬೇಡಿ, ಡಬ್ಬಿಯಲ್ಲಿ ವಾಪಸ್ ತನ್ನಿ. ಮಂಗಗಳಿಗೆ ಅದೇ ಅಭ್ಯಾಸ ಆಗಿಬಿಡುತ್ತದೆ, ಆಮೇಲೆ ಚೀಲ ಕಿತ್ತುಕೊಳ್ಳುತ್ತವೆ.

ಇನ್ನು ನಿಮ್ಮ ವಾಸನೆ ಬಂದ ಬಕೆಟ್. ಅದಕ್ಕೆ ಏನೇನು ಹಾಕುತ್ತಿದ್ದಿರಿ? ಕೆಳಗೆ ತೂತು ಇತ್ತಾ?

ಕಾವೇರಿತೀರ

ತೂತು ಇರಲಿಲ್ಲ. ತರಕಾರಿ ಸಿಪ್ಪೆ, ಕಾಫಿ ಚರಟ, ಉಳಿದ ಅನ್ನ ಸಾರು, ಎಲ್ಲ ಹಾಗೇ ಹಾಕುತ್ತಿದ್ದೆ. ಮುಚ್ಚಳ ಗಟ್ಟಿಯಾಗಿ ಮುಚ್ಚಿದ್ದೆ. ಎರಡು ವಾರಕ್ಕೆ ಹುಳ ಬಂದು ಹೆದರಿ ಬಿಟ್ಟೆ.

ಒಣಎಲೆ

ಹಾಗಾದರೆ ಕಾರಣ ಅಲ್ಲೇ ಇದೆ. ಗಾಳಿ ಇಲ್ಲ, ನೀರು ಜಾಸ್ತಿ, ಒಣಗಿದ್ದು ಏನೂ ಇಲ್ಲ. ಗಾಳಿ ಸಿಗದಿದ್ದರೆ ಕೊಳೆತು ನಾರುತ್ತದೆ, ಗಾಳಿ ಸಿಕ್ಕರೆ ಮಣ್ಣಿನ ವಾಸನೆ ಬರುತ್ತದೆ. ಬಕೆಟ್‌ನ ತಳಕ್ಕೂ ಪಕ್ಕಕ್ಕೂ ಕಾದ ಮೊಳೆಯಿಂದ ತೂತು ಮಾಡಿ, ಕೆಳಗೆ ಒಂದು ತಟ್ಟೆ ಇಡಿ. ತಳದಲ್ಲಿ ತೆಂಗಿನ ನಾರು. ಒಂದು ಹಿಡಿ ಸಿಪ್ಪೆಗೆ ಒಂದೂವರೆ, ಎರಡು ಹಿಡಿ ಒಣ ಎಲೆ. ನಿಮ್ಮ ಬೀದಿಯಲ್ಲಿ ಗುಡಿಸಿ ಬೆಂಕಿ ಹಾಕುವ ಹೊಂಗೆ ಎಲೆ, ಮಾವಿನ ಎಲೆ ಇರುತ್ತದಲ್ಲ, ಅದನ್ನೇ ಒಂದು ಗೋಣಿಚೀಲದಲ್ಲಿ ತುಂಬಿ ಇಟ್ಟುಕೊಳ್ಳಿ. ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಸಾರು, ಎಣ್ಣೆ ಪದಾರ್ಥ ಈಗ ಬೇಡ, ಕೈ ಪಳಗಿದ ಮೇಲೆ ನೋಡೋಣ. ಹಿಂಡಿದರೆ ಒದ್ದೆ ಅನಿಸಬೇಕು, ನೀರು ತೊಟ್ಟಿಕ್ಕಬಾರದು. ಎರಡೂವರೆ, ಮೂರು ತಿಂಗಳಿಗೆ ಗೊಬ್ಬರ. ಇವತ್ತು ಶುರು ಮಾಡಿದರೆ ನಿಮ್ಮ ಬೆಟ್ಟದ ಹೊತ್ತಿಗೆ ಮೊದಲ ಬಕೆಟ್ ತಯಾರಾಗುತ್ತದೆ.

ದಪ್ಪ ಹುಳ ಬಂದರೆ ಹೆದರಬೇಡಿ, ಅವು ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಬೇಗ ತಿಂದು ಕರಗಿಸುತ್ತವೆ. ಒಣ ಎಲೆ ಜಾಸ್ತಿ ಹಾಕಿದರೆ ಕಡಿಮೆಯಾಗುತ್ತವೆ.

ಲೀಡ್ಸ್‌ನಿಂದ

ಅಕ್ಕ, ನಾನು ಹಾಸನದವನು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಇದ್ದೇನೆ. ಇಲ್ಲಿ ಯಾರ್ಕ್‌ಷೈರ್ ತ್ರೀ ಪೀಕ್ಸ್ ಅಂತ ಒಂದು ನಡಿಗೆ ಇದೆ. ಪೆನ್-ಇ-ಗೆಂಟ್, ವರ್ನ್‌ಸೈಡ್, ಇಂಗಲ್‌ಬರೋ, ಮೂರೂ 700 ಮೀಟರ್ ಆಸುಪಾಸಿನ ಬೆಟ್ಟ. 38 ಕಿ.ಮೀ. ಚಿಲ್ಲರೆ ದೂರ, 12 ಗಂಟೆಯೊಳಗೆ ಮುಗಿಸಬೇಕು ಅನ್ನುವುದು ವಾಡಿಕೆ. ಒಟ್ಟು ಏರು ಸುಮಾರು 1600 ಮೀಟರ್, ಅಂದರೆ ನಿಮ್ಮ ಕುಕ್ಕೆ ದಾರಿಯಷ್ಟೇ. ನಾನು ಒಂದು ಆಸ್ಪತ್ರೆಯ ಮಕ್ಕಳ ವಾರ್ಡ್‌ಗಾಗಿ ಎರಡು ವರ್ಷದ ಹಿಂದೆ ನಡೆದೆ. ಮೊದಲೆರಡು ಬೆಟ್ಟದಲ್ಲಿ ಜೋರಾಗಿ ಹೋಗಿ ಮೂರನೆಯದರಲ್ಲಿ ಮಂಡಿ ಹಿಡಿದುಕೊಂಡಿತು. ಇಳಿಯುವ ಅಭ್ಯಾಸ ಮಾಡಿರಲಿಲ್ಲ. ಸಾವಿರಮೆಟ್ಟಿಲು ಅವರು ಬರೆದದ್ದನ್ನು ಆಗ ಓದಬೇಕಿತ್ತು ಅನಿಸಿತು.

ಇಲ್ಲಿ ಹಣ ಎತ್ತುವ ನಡಿಗೆ ಎಷ್ಟು ಹೆಚ್ಚಾಗಿದೆ ಅಂದರೆ ದಾರಿಗಳೇ ಸವೆದುಹೋಗಿವೆ. ಮೆತ್ತನೆಯ ಜವುಗು ಮಣ್ಣು, ಜನ ಕೆಸರು ತಪ್ಪಿಸೋಕೆ ಪಕ್ಕಕ್ಕೆ ಕಾಲಿಟ್ಟು ಇಟ್ಟು ಕಾಲುದಾರಿ ಅಗಲ ಆಗಿ, ಕೊನೆಗೆ ಕಲ್ಲು ಚಪ್ಪಡಿ ಹಾಸಿ ಸರಿಪಡಿಸಬೇಕಾಗಿದೆ. ನಿಮ್ಮ ಹುಲ್ಲುಗಾವಲಿನಲ್ಲೂ ಹಾಗೇ ಆಗಬಹುದು. ಇರುವ ಕಾಲುದಾರಿಯಲ್ಲೇ ಒಬ್ಬರ ಹಿಂದೆ ಒಬ್ಬರು ನಡೆಯಿರಿ, ತಿರುವಿನಲ್ಲಿ ಅಡ್ಡದಾರಿ ಹಿಡಿಯಬೇಡಿ.

ನಾನೂ ತೊಟ್ಟಿಗೆ ಕೊಡುತ್ತೇನೆ. ಒಂದು ಎಚ್ಚರಿಕೆ ಮಾತ್ರ. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ನನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಆದರೆ ಇಲ್ಲಿನ ಪೌರತ್ವ ತೆಗೆದುಕೊಂಡವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಸರಿ, ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುತ್ತದೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಪಡೆಯುವ ಹಾಗಿಲ್ಲ. ಅಂಥವರ ಹಣ ನಿಮ್ಮ ಯಾರ ಖಾತೆಗೂ ಹಾಕಿಸಿಕೊಳ್ಳಬೇಡಿ. ಹಣ ನಿಮ್ಮ ಸ್ವಂತ ಖಾತೆಗೆ ಬರುವುದಕ್ಕಿಂತ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ನೇರವಾಗಿ ಹೋದರೆ ಎಲ್ಲರಿಗೂ ನೆಮ್ಮದಿ, ಮುಖ್ಯ ಶಿಕ್ಷಕರ ಹತ್ತಿರ ಕೇಳಿ ನೋಡಿ.

ನರ್ಸಮ್ಮ ಹಾಸನ

ಚಿಕ್ಕದಾಗಿ ಹೇಳಿಬಿಡುತ್ತೇನೆ. 40 ದಾಟಿದವರು ಒಂದು ಸಲ ಬಿಪಿ, ಸಕ್ಕರೆ, ಇಸಿಜಿ ನೋಡಿಸಿಕೊಂಡು ಅಭ್ಯಾಸ ಶುರು ಮಾಡಿ. ಹತ್ತುವಾಗ ಎದೆ ಬಿಗಿದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ, ‘ಇನ್ನು ಸ್ವಲ್ಪ ತಾನೇ’ ಅನ್ನಬೇಡಿ. ಒಆರ್‌ಎಸ್ ಮನೆಯಲ್ಲೇ ಆಗುತ್ತದೆ, ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಕಾಯಿಲೆ ಇರುವವರು ಡಾಕ್ಟರ್ ಕೇಳಿ ಕುಡಿಯಿರಿ.

ಹೆಂಗಸರಿಗೆ ಇನ್ನೊಂದು ಮಾತು. ಶೌಚಕ್ಕೆ ಹೋಗಬೇಕಾದೀತು ಅಂತ ನೀರು ಕುಡಿಯದೆ ಹತ್ತುವವರು ತುಂಬಾ ಜನ, ಅದರಿಂದಲೇ ತಲೆನೋವು, ಸುಸ್ತು, ಉರಿಮೂತ್ರ. ನೀರು ಹರಿಯುವ ಜಾಗದಿಂದ ನೂರು ಹೆಜ್ಜೆ ದೂರ ಹೋಗಿ, ಇಬ್ಬರು ಜೊತೆಗೆ ಹೋಗಿ. ಪ್ಯಾಡ್ ಬಳಸಿದರೆ ಪೇಪರ್‌ನಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ವಾಪಸ್ ತನ್ನಿ, ಹೂಳಬೇಡಿ, ಕಾಡುಪ್ರಾಣಿ ಕೆದಕುತ್ತವೆ. ಮುಟ್ಟಿನ ಕಪ್ ಬಳಸುವ ಯೋಚನೆ ಇದ್ದರೆ ಎರಡು ಮೂರು ತಿಂಗಳು ಮೊದಲೇ ಮನೆಯಲ್ಲಿ ಅಭ್ಯಾಸ ಆಗಲಿ.

ಸಾವಿರಮೆಟ್ಟಿಲು

ತೊಟ್ಟಿಯ ಲೆಕ್ಕ ಯಾರೂ ಕೇಳಲಿಲ್ಲ, ಆದರೆ ಎಷ್ಟು ಹಣ ಬೇಕು ಅಂತ ಗೊತ್ತಾಗೋಕೆ ಅದು ಬೇಕು. 100 ಚದರ ಮೀಟರ್ ಚಾವಣಿ ಮೇಲೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್. ನಿಮ್ಮ ಕಡೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಆವಿ, ಸೋರಿಕೆ ಕಳೆದು ನೂರಕ್ಕೆ 80 ಸಿಕ್ಕರೂ 64 ಸಾವಿರ ಲೀಟರ್. ಅಷ್ಟನ್ನೂ ಹಿಡಿದಿಡುವ ತೊಟ್ಟಿ ಬೇಡ. 60 ಮಕ್ಕಳು, ತಲೆಗೆ 5 ಲೀಟರ್, ತಿಂಗಳಿಗೆ 20 ದಿನ ಅಂದರೆ 6 ಸಾವಿರ ಲೀಟರ್. ಜನವರಿಯಿಂದ ಮಾರ್ಚ್‌ವರೆಗೆ ಮೂರು ತಿಂಗಳಿಗೆ 18 ಸಾವಿರ. 20 ಸಾವಿರ ಲೀಟರ್‌ನ ನೆಲತೊಟ್ಟಿ ಸಾಕು, ಸೆಪ್ಟೆಂಬರ್ ಅಕ್ಟೋಬರ್ ಮಳೆಯಲ್ಲಿ ತುಂಬಿಸಿ ಮುಚ್ಚಿಡಬೇಕು. ಮೊದಲ ಮಳೆಯ ಕೊಳೆ ಹೊರಗೆ ಹೋಗೋಕೆ ಪೈಪಿನಲ್ಲಿ ಪ್ರತ್ಯೇಕ ದಾರಿ, ಆಮೇಲೆ ಮರಳು ಜಲ್ಲಿಯ ಶೋಧಕ. ಚಾವಣಿ ಆಸ್‌ಬೆಸ್ಟಾಸ್ ಶೀಟ್ ಆದರೆ ಕುಡಿಯೋಕೆ ಬೇಡ. ಮಕ್ಕಳ ಸಂಖ್ಯೆ, ಚಾವಣಿ ಅಳತೆ ಕಳಿಸಿ, ನಕ್ಷೆ ಹಾಕಿಕೊಡುತ್ತೇನೆ, ಹಣ ಏನೂ ಬೇಡ.

ಕಾವೇರಿತೀರ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಉತ್ತರಗಳನ್ನೂ ಪ್ರಿಂಟ್ ತೆಗೆಯದೆ ಫೋನ್‌ನಲ್ಲೇ ಗುಂಪಿನವರಿಗೆ ಓದಿ ಹೇಳಿದೆ.

ದಾರಿ ಬದಲಾಯಿಸಿದೆವು, ಸೋಮವಾರಪೇಟೆ ಕಡೆಯಿಂದಲೇ ಹೋಗುವುದು, ಏಳೇಳು ಜನ ಎರಡು ದಿನ. ಇಬ್ಬರಿಗೆ ಬೇಜಾರಾಯಿತು, ಕುಕ್ಕೆಯಿಂದ ಹತ್ತಿದರೇ ಹತ್ತಿದ ಹಾಗೆ ಅಂತ. ಐದು ಚಾಮುಂಡಿ ಬೆಟ್ಟದ ಲೆಕ್ಕ ಹೇಳಿದ ಮೇಲೆ ಒಪ್ಪಿದರು. ಫ್ಲೆಕ್ಸ್ ನಿಂತಿತು, ತಟ್ಟೆ ಬಾಟಲಿ ನಿಂತವು. ಟೀ ಶರ್ಟ್‌ಗೆ ಮುಂಗಡ ಕೊಟ್ಟಾಗಿತ್ತು, ಅದನ್ನು ಹೇಳಿದ ಸ್ನೇಹಿತರೇ ತಮ್ಮ ಕೈಯಿಂದ ಭರಿಸಿ, ಆ ಬಟ್ಟೆಯನ್ನು ಶಾಲೆಯ ಮಕ್ಕಳ ಅಳತೆಗೆ ಹೊಲಿಸಿಕೊಟ್ಟರು. ಅವರ ಬಗ್ಗೆ ನನಗೆ ಈಗ ಇನ್ನೂ ಗೌರವ ಹೆಚ್ಚಾಗಿದೆ.

ನನ್ನ ಅಭ್ಯಾಸದಲ್ಲಿ ಆದ ದೊಡ್ಡ ಬದಲಾವಣೆ ಅಂದರೆ ತರಕಾರಿಗೆ ಸ್ಕೂಟರ್ ತೆಗೆಯುವುದು ಬಿಟ್ಟೆ. ಮನೆಯಿಂದ ನಂಜುಮಳಿಗೆಗೆ ವಾರಕ್ಕೆ ಎರಡು ಸಲ ನಡೆದು ಹೋಗಿ, ಐದಾರು ಕೆ.ಜಿ. ಬೆನ್ನಿನ ಚೀಲದಲ್ಲಿ ಹೊತ್ತು ತರುತ್ತೇನೆ. ಬೇರೆ ಭಾರ ಹುಡುಕಬೇಕಾಗಿಲ್ಲ. ಮೊನ್ನೆ ಯಜಮಾನರೂ ಜೊತೆಗೆ ಬಂದರು, ಕುಂಬಳಕಾಯಿ ಅವರ ಬೆನ್ನಿಗೆ. ವಾಪಸ್ ಬಂದ ಮೇಲೆ ಅವರೇ ಸಿಪ್ಪೆ ತೆಗೆದು ಬಕೆಟ್‌ಗೆ ಹಾಕಿ, ಮೇಲೆ ಎರಡು ಹಿಡಿ ಎಲೆ ಉದುರಿಸಿದರು. ವಾಸನೆ ಇಲ್ಲ. ಕೋಲು ಹಾಕಿ ಕೆದಕಿದರೆ ಒಳಗೆ ಬೆಚ್ಚಗಿರುತ್ತದೆ, ಕೈ ಇಟ್ಟು ನೋಡುವುದು ನನಗೆ ದಿನಾ ಖುಷಿ ಕೊಡುವ ಕೆಲಸ ಆಗಿದೆ.

ಇಳಿಯುವುದು ಈಗಲೂ ಕಷ್ಟವೇ, ಆದರೆ ಮಾರನೇ ದಿನ ಗೋಡೆ ಹಿಡಿಯಬೇಕಾಗಿಲ್ಲ. ಶಾಲೆಯ ಚಾವಣಿ ಅಳೆದುಕೊಂಡು ಬಂದೆವು, 118 ಚದರ ಮೀಟರ್, ಆರ್‌ಸಿಸಿ. ಮಕ್ಕಳು 54. ಎಸ್‌ಡಿಎಂಸಿಯವರು ಖಾತೆ ಸಂಖ್ಯೆ ಕೊಟ್ಟಿದ್ದಾರೆ. ಫೆಬ್ರವರಿಯಲ್ಲಿ ಅಗೆದು, ಮೇ ತಿಂಗಳ ಮಳೆಗೆ ಮುಂಚೆ ತೊಟ್ಟಿ ಮುಗಿಯಬೇಕು ಅಂತ ಮಾತಾಗಿದೆ.

ಸಾವಿರಮೆಟ್ಟಿಲು ಸರ್, ಈ ಭಾನುವಾರ ಬೆಳಗ್ಗೆ ಐದೂವರೆಗೆ ನಾವು ಆರು ಜನ ಬೆಟ್ಟದ ಪಾದದ ಹತ್ತಿರ ಇರುತ್ತೇವೆ, ಒಬ್ಬೊಬ್ಬರು ಮೂರು ಲೀಟರ್ ಹೊತ್ತುಕೊಂಡು. ನೀವು ಬಂದರೆ ನಕ್ಷೆಯ ಮಾತೂ ಆಗುತ್ತದೆ, ಯಾವ ಗಿಡಕ್ಕೆ ನೀರು ಹಾಕಬೇಕು ಅಂತಲೂ ಗೊತ್ತಾಗುತ್ತದೆ.

ಸಾವಿರಮೆಟ್ಟಿಲು

ಬರುತ್ತೇನೆ ತಂಗಿ. ಐದೂಕಾಲಿಗೇ ಇರುತ್ತೇನೆ. ಮೇಲಿನ ತಿರುವಿನಲ್ಲಿ ಮೂರು ಹೊಂಗೆ ಸಸಿ ಇವೆ, ಈ ವಾರ ಮಳೆ ಇಲ್ಲದೆ ಬಾಡಿವೆ. ಮೊದಲು ಅವಕ್ಕೆ.